ಕೈ ತೊಳೆದ ನೀರು

ಮಾರ್ಚ್ ೨, ಸೋಮವಾರ

ಬೆಳಗಿನ ಜಾವ ಮತ್ತೆ ಕೆಟ್ಟ ಕನಸು. ಇವರು ಮದ್ದಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿದ್ದಾರೆ. ದಡದ ತುಂಬ ಕುರಿಗಳು ಸಾಲಾಗಿ ನಿಂತು, ಊಟಕ್ಕೆ ಕರೆಯಲಿ ಎಂದು ಕಾಯುವ ನೆಂಟರ ಹಾಗೆ ನೋಡುತ್ತಿವೆ. ನಾನು ಓಡಿ ಹೋಗಿ ಇವರ ಕೈ ಹಿಡಿದೆ. ಹಿಡಿದದ್ದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಹಿಡಿದಿದ್ದೇನೋ ಬಿಟ್ಟಿದ್ದೇನೋ ಎಂಬ ಗಾಬರಿಯಲ್ಲೇ ಎಚ್ಚರವಾಯಿತು. ಪಕ್ಕದಲ್ಲಿ ಇವರು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಇಷ್ಟು ಇಂಪಾಗಿ ಕೇಳಿಸಿದ್ದು ಇದೇ ಮೊದಲು.

ಈ ಪುಸ್ತಕ ಕೊಟ್ಟವಳು ಮಗಳು. "ಅಮ್ಮ, ನಿನ್ನ ತಲೇಲಿ ಓಡೋದನ್ನೆಲ್ಲ ಫೋನಲ್ಲಿ ನನ್ನ ತಲೆಗೆ ಸುರೀಬೇಡ, ಇದಕ್ಕೆ ಸುರಿ" ಅಂದಳು. ನನ್ನ ಓದು ಅರ್ಧಂಬರ್ಧ. ತಮ್ಮಂದಿರನ್ನು ನೋಡಿಕೊಳ್ಳಲೆಂದು ಒಮ್ಮೆ ಶಾಲೆ ಬಿಡಿಸಿದರು. ಆಮೇಲೆ ಮತ್ತೆ ಸೇರಿಸಿದರು. ಚಿಕ್ಕ ಮಕ್ಕಳ ನಡುವೆ ಒಂಟೆಯ ಹಾಗೆ ಕೂರಲು ನಾಚಿಕೆಯಾಗಿ ನಾನೇ ಬಿಟ್ಟೆ. ಒತ್ತಕ್ಷರ ತಪ್ಪಿದರೆ ತಪ್ಪಲಿ, ಓದುವವಳೂ ನಾನೇ ತಾನೆ.

ಇವರದು ತೊಟ್ಟಿಯ ಕೆಲಸ. ಸುತ್ತಮುತ್ತಲಿನವರೆಲ್ಲ ಕುರಿಮಂದೆಗಳನ್ನು ಇವರ ಹತ್ತಿರ ಹೊಡೆದುಕೊಂಡು ಬರುತ್ತಾರೆ. ಉಣ್ಣಿ, ಹೇನು ಸಾಯಲೆಂದು ಒಂದೊಂದನ್ನೇ ಮದ್ದು ಬೆರೆಸಿದ ನೀರಲ್ಲಿ ಮುಳುಗಿಸಿ ಎಬ್ಬಿಸಿ ಕಳಿಸುವುದು. ಈಗ ಸರ್ಕಾರದ ಕಚೇರಿಯವರು ಆ ಮದ್ದನ್ನೇ ಪರಿಶೀಲನೆಗೆ ಹಾಕಿದ್ದಾರಂತೆ. ಹಿಂದೆ ಯಾವಾಗಲೋ ಒಪ್ಪಿಗೆ ಕೊಟ್ಟದ್ದು, ಈಗ ಹೊಸ ಕಣ್ಣಿಂದ ಮತ್ತೆ ನೋಡುತ್ತಾರಂತೆ. ಮಾಂಸದಲ್ಲಿ ಎಷ್ಟು ಉಳಿಯುತ್ತದೆ, ಹೊಳೆಗೆ ಎಷ್ಟು ಸೇರುತ್ತದೆ, ಕೆಲಸ ಮಾಡುವವನ ಮೈಗೆ ಎಷ್ಟು ಇಳಿಯುತ್ತದೆ ಅಂತ. ಕೇಡು ಹೆಚ್ಚು ಅಂದರೆ ಮದ್ದು ನಿಲ್ಲುತ್ತದೆ, ತೊಟ್ಟಿ ಒಣಗುತ್ತದೆ. ಇವರಿಗೆ ಬೇರೆ ಕೆಲಸ ಬಾರದು. ಕೇಡೇ ಇಲ್ಲ ಅಂದುಬಿಟ್ಟರೆ ಇವರ ಮೈಗೆ ಇಳಿಯುವುದು ಇಳಿಯುತ್ತಲೇ ಇರುತ್ತದೆ. ಅತ್ತ ದರಿ, ಇತ್ತ ಪುಲಿ. ಯಾವುದಾಗಲಿ ಎಂದು ಬೇಡಿಕೊಳ್ಳಲಿ ನಾನು?

ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡಿದೆ. ಬೆರಳ ತುದಿಗಳೆಲ್ಲ ಜುಮುಜುಮು. ನಿನ್ನೆ ಬಟ್ಟೆ ಒಗೆದ ನೀರು ತಣ್ಣಗಿತ್ತು, ಅದಕ್ಕಿರಬೇಕು.

ಮಾರ್ಚ್ ೫, ಗುರುವಾರ

ಕಚೇರಿಯಿಂದ ಮೇಡಂ ಬಂದಿದ್ದರು. ಅಧಿಕಾರಿ ಅಂದರೆ ದಪ್ಪ ಕನ್ನಡಕ, ದಪ್ಪ ದನಿ ಅಂದುಕೊಂಡಿದ್ದೆ. ನೋಡಿದರೆ ನನ್ನ ಮಗಳ ವಾರಿಗೆಯವರು. ಅಂಗಳಕ್ಕೆ ಕಾಲಿಟ್ಟಾಗಿನಿಂದ ಒಂದೇ ಸಮ ಸೀನು. ಕುರಿಯ ಉಣ್ಣೆ ಅವರಿಗೆ ಆಗಿಬರುವುದಿಲ್ಲವಂತೆ. "ಕುರಿ ಮದ್ದು ನೋಡೋ ಕೆಲಸಕ್ಕೆ ಕುರಿ ಆಗದವಳನ್ನೇ ಹುಡುಕಿ ಕಳಿಸಿದಾರಲ್ಲ" ಎಂದು ಅತ್ತೆ ಅವರೆದುರೇ ಅಂದರು. ಮೇಡಂ ನಗುತ್ತಾ ಇನ್ನೊಂದು ಸೀನು ಸೀನಿದರು.

ಚೀಲದಿಂದ ಬಿಳಿ ಒಳಂಗಿ, ಉದ್ದನೆಯ ಬಿಳಿ ಒಳಚಲ್ಲಣ ತೆಗೆದರು. "ಯಜಮಾನ್ರೇ, ಮಂಗಳವಾರ ಇದನ್ನ ಒಳಗೆ ಹಾಕ್ಕೊಳ್ಳಿ. ಮೇಲೆ ನೀವು ದಿನಾ ಹಾಕೋ ಬಟ್ಟೆ. ದಿನಾ ಹೇಗೆ ಮಾಡ್ತೀರೋ ಹಾಗೇ ಕೆಲಸ ಮಾಡಿ. ಮೇಲಿನ ಬಟ್ಟೆ ದಾಟಿ ಬಂದದ್ದನ್ನೆಲ್ಲ ಇದು ಹಿಡ್ಕೊಳ್ಳುತ್ತೆ." ಟೀಗೆ ಸಕ್ಕರೆ ಹಾಕುತ್ತಾ ಇಷ್ಟು ಕೇಳಿಸಿಕೊಂಡೆ. ಸರ್ಕಾರ ಇವರ ಮೈ ಕಾಯಲು ಒಂದು ಕವಚ ಕಳಿಸಿತಲ್ಲ ಎಂದು ಕಣ್ಣು ತುಂಬಿ ಬಂತು.

ಅತ್ತೆಗೆ ಬೇರೆಯದೇ ಖುಷಿ. "ಮದುವೇಲೂ ನಿನಗೆ ಯಾರೂ ಹೊಸ ಒಳಂಗಿ ಕೊಡ್ಸಿರ್ಲಿಲ್ಲ ಕಣೋ. ತಗೋ, ಸರ್ಕಾರ ಕೊಡ್ತಿದೆ."

"ಉದ್ದ ಕೋಲಿದೆಯಲ್ಲ, ಕೈ ಯಾಕೆ ನೀರಿಗೆ ಹಾಕ್ತೀರಿ?" ಎಂದು ಮೇಡಂ ಕೇಳಿದರು.

"ಕೋಲಲ್ಲಿ ಒತ್ತಿದ್ರೆ ಕುರಿ ಹೆದರುತ್ತೆ ಮೇಡಂ. ಗದ್ದದ ಕೆಳಗೆ ಕೈ ಕೊಟ್ರೆ, ಇವ್ನು ಮುಳುಗಿಸಿ ಸಾಯಿಸಲ್ಲ ಅಂತ ನಂಬುತ್ತೆ" ಅಂದರು ಇವರು.

ಮನೆಯಲ್ಲಿ ಇವರ ಮಾತು 'ಹೂಂ' ಮತ್ತು 'ಉಹೂಂ'. ಸರ್ಕಾರದ ಮುಂದೆ ಇಷ್ಟುದ್ದ ಮಾತಾಡಿದರು. ನಾನೂ ಕುರಿಯಾಗಿ ಹುಟ್ಟಬೇಕಿತ್ತು.

ಮಾರ್ಚ್ ೮, ಭಾನುವಾರ

ಇವರ ವಾರದ ಬಟ್ಟೆ ಒಗೆದೆ. ಮಧ್ಯಾಹ್ನ ಮಗಳ ಮಗುವಿಗೆ ಅಂಗಿ ಹೊಲಿಯಲು ಕೂತೆ. ಮಗಳು, ಅಳಿಯ, ಮಗು ಮೂವರೂ ಜೂನ್‌ನಲ್ಲಿ ಬರುತ್ತಾರೆ, ಅಷ್ಟರಲ್ಲಿ ಮುಗಿಯಬೇಕು. ಬಿಳಿ ಬಟ್ಟೆಯ ಮೇಲೆ ಇದ್ದಕ್ಕಿದ್ದ ಹಾಗೆ ಕೆಂಪು ಚುಕ್ಕೆ. ಎಲ್ಲಿಂದ ಎಂದು ಹುಡುಕಿದರೆ ನನ್ನ ಬೆರಳಿಂದಲೇ. ಸೂಜಿ ಚುಚ್ಚಿದ್ದೇ ಗೊತ್ತಾಗಿರಲಿಲ್ಲ. ಗಮನವೆಲ್ಲ ಇವರ ಕೈಯ ಮೇಲಿತ್ತು. ರಾತ್ರಿ ಊಟ ಮಾಡುವಾಗ ಇವರ ಕೈ ನಡುಗುತ್ತದೆಯೇ ಎಂದು ಕದ್ದು ನೋಡುತ್ತಿರುತ್ತೇನೆ. ನಡುಗುವುದಿಲ್ಲ. ನಡುಗದ ಹಾಗೆ ಬಿಗಿ ಹಿಡಿದಿದ್ದಾರೋ ಏನೋ.

ಸಂಜೆ ಲೋಟ ಜಾರಿ ಬಿತ್ತು. "ಬೀಳಿಸು, ಬೀಳಿಸು, ಗೋಡೆಯೊಂದು ಉಳಿದಿದೆ" ಅಂದರು ಅತ್ತೆ.

ಮಾರ್ಚ್ ೧೦, ಮಂಗಳವಾರ

ಇವತ್ತು ಒಂದು ಕೆಲಸವಾದರೂ ನೆಟ್ಟಗೆ ಮಾಡಿದೆ.

ಬೆಳಿಗ್ಗೆ ಮೇಡಂ ಬಂದು ಇವರಿಗೆ ಬಿಳಿ ಬಟ್ಟೆ ತೊಡಿಸಿ, ತೊಟ್ಟಿಯ ಹತ್ತಿರ ಕುರ್ಚಿ ಹಾಕಿ ಕೂತು ಬರೆದುಕೊಳ್ಳುತ್ತಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಫೋನ್ ಬಂತು. ಇನ್ನೊಂದು ತೊಟ್ಟಿಯಲ್ಲಿ ಅವರ ಜೊತೆಯವರು ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದಾರಂತೆ. ಮೇಡಂ ಅತ್ತ ಓಡಿದರು. ಇವರು ಬಿಳಿ ಬಟ್ಟೆ ಬಿಚ್ಚಿ, ಅವರು ಹೇಳಿದ ಹಾಗೆ ಚೀಲಕ್ಕೆ ಹಾಕಿ, ಬಚ್ಚಲಿನ ಗೂಟಕ್ಕೆ ನೇತುಹಾಕಿ, "ನಾಳೆ ಮೇಡಂ ತಗೊಂಡು ಹೋಗ್ತಾರೆ" ಎಂದಷ್ಟೇ ಹೇಳಿ, ಉಂಡು ಮಲಗಿಬಿಟ್ಟರು.

ಚೀಲ ಬಿಚ್ಚಿ ನೋಡಿದೆ. ದೇವರೇ! ತೋಳು ಮೊಣಕೈವರೆಗೆ ಹಳದಿ, ಬೆನ್ನಲ್ಲಿ ಕೆಸರು, ಮಂದೆಯ ವಾಸನೆ. ಎರವಲು ತಂದ ಪಾತ್ರೆಯನ್ನೇ ತೊಳೆಯದೆ ಕೊಡಬಾರದು ಅನ್ನುತ್ತಿದ್ದಳು ನಮ್ಮಮ್ಮ. ಗಂಡನ ಮೈಗೆ ಹಾಕಿದ ಬಟ್ಟೆಯನ್ನು ಹೀಗೆ ಪರರ ಕೈಗೆ ಕೊಡುವುದೇ? ಚೆನ್ನಾಗಿ ಸೋಪು ಹಚ್ಚಿ ಉಜ್ಜಿದೆ. ಹಿಂಡಿ, ನೀಲಿ ಹಾಕಿ, ಒಲೆಯ ಹತ್ತಿರ ಒಣಗಿಸಿ, ಇಸ್ತ್ರಿ ಮಾಡಿದೆ. ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು, ಅದನ್ನೂ ಹಾಕಿದೆ. ಮಡಿಸಿ ಮತ್ತೆ ಅದೇ ಚೀಲದಲ್ಲಿಟ್ಟೆ.

ಕೈ ಉರಿಯುತ್ತಿದೆ, ಇರಲಿ. ಇವತ್ತು ನಿದ್ದೆ ಬರುತ್ತದೆ.

ಮಾರ್ಚ್ ೧೧, ಬುಧವಾರ

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ.

ಮೇಡಂ ಚೀಲ ಬಿಚ್ಚಿದರು. ಬಟ್ಟೆ ತೆಗೆದು ಹತ್ತಿರ ಹಿಡಿದು ನೋಡಿದರು. ಸೀನು ಬರಲಿಲ್ಲ. ನನಗೆ ಅಲ್ಲೇ ಸುಳಿವು ಸಿಗಬೇಕಿತ್ತು.

"ಇದು ಇಸ್ತ್ರಿ ಆಗಿದೆ" ಅಂದರು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

"ಗಂಜಿ ಹಾಕೋದೊಂದು ಬಾಕಿ" ಅಂದರು ಅತ್ತೆ ಒಳಗಿಂದ.

ಆಮೇಲೆ ಮೇಡಂ ಬಿಡಿಸಿ ಹೇಳಿದರು. ಅದು ಕವಚ ಅಲ್ಲವಂತೆ. ತೋಳು ಬೇರೆ, ಎದೆ ಬೇರೆ, ಬೆನ್ನು ಬೇರೆ ಎಂದು ಕತ್ತರಿಸಿ, ಯಾವ ತುಂಡಿನಲ್ಲಿ ಎಷ್ಟು ಮದ್ದು ಕೂತಿದೆ ಎಂದು ಅಳೆಯುತ್ತಾರಂತೆ. ಇವರ ಚರ್ಮಕ್ಕೆ ಎಷ್ಟು ಇಳಿಯಬಹುದಿತ್ತೋ ಅಷ್ಟನ್ನೂ ಆ ಬಟ್ಟೆ ಹಿಡಿದುಕೊಂಡಿತ್ತು. ನಾನು ಅದನ್ನು ಮೋರಿಗೆ ಬಿಟ್ಟಿದ್ದೆ. ಇವರು ನನ್ನ ಮುಖವನ್ನೇ ನೋಡಲಿಲ್ಲ. ಗೂಟ ನೋಡುತ್ತಾ ನಿಂತಿದ್ದರು.

ಅಳುತ್ತಳುತ್ತಲೇ ಟೀ ತಂದುಕೊಟ್ಟೆ. ಬೇರೇನು ಮಾಡಲಿ? ಮೇಡಂ ಸ್ಟೀಲ್ ಲೋಟ ಮುಟ್ಟಿ, ಹಾ ಎಂದು ಕೈ ಹಿಂದಕ್ಕೆಳೆದುಕೊಂಡರು. "ಅಮ್ಮಾ, ಇಷ್ಟು ಸುಡೋದನ್ನ ಹೇಗೆ ಹಿಡ್ಕೊಂಡು ಬಂದ್ರಿ?"

"ಅಡುಗೆಮನೆ ಕೈ ಮೇಡಂ, ಮರಗಟ್ಟಿದೆ."

ಅವರು ನನ್ನ ಕೈ ತೆಗೆದುಕೊಂಡು ಅಂಗೈ ಮೇಲಾಗಿ ತಿರುಗಿಸಿದರು. ಪೆನ್ನಿನ ತುದಿಯಿಂದ ಬೆರಳು ಮುಟ್ಟಿ, ಗೊತ್ತಾಗುತ್ತಾ, ಗೊತ್ತಾಗುತ್ತಾ ಎಂದು ಕೇಳಿದರು. ಕಣ್ಣು ಮುಚ್ಚಿಸಿ ಕೇಳಿದಾಗ ನಾನು ಸುಮ್ಮನೆ ಊಹೆ ಮೇಲೆ ಹೇಳಿದೆ. "ವಯಸ್ಸಾಯ್ತಲ್ಲ ಮೇಡಂ" ಅಂದೆ.

ಅತ್ತೆ ಬಾಗಿಲಿಗೆ ಬಂದರು. ಈ ಸಲ ತಮಾಷೆ ಇರಲಿಲ್ಲ. "ಎಂಥ ವಯಸ್ಸು? ನನಗಿಲ್ವಾ ವಯಸ್ಸು? ಇವನ ಬಟ್ಟೆ ಒಗೆದ್ಲು ಅಂದ್ರೆ ಆಮೇಲೆ ಇವಳ ಕೈಯಿಂದ ಲೋಟ ಬೀಳುತ್ತೆ. ನಾನು ಪ್ಲಾಸ್ಟಿಕ್ ಲೋಟ ತರ್ಸಿದ್ದು ಯಾಕೆ ಅಂದ್ಕೊಂಡಿದ್ದೀರಿ ಎಲ್ರೂ?"

ಮೇಡಂ ಗಾಡಿಗೆ ಹೋಗಿ ಒಂದು ಪೆಟ್ಟಿಗೆ ತಂದರು. ನನ್ನ ಕೈ ಕೆಳಗೆ ಗಾಜಿನ ಬಟ್ಟಲಿಟ್ಟು, ಸೀಸೆಯಿಂದ ಏನೋ ನೀರಿನಂಥದು ಸುರಿಯುತ್ತಾ, ಬೆರಳು ಬೆರಳನ್ನೂ ಬಿಡಿಸಿ ತೊಳೆದರು. ಉಗುರಿನ ಸಂದನ್ನೂ ಬಿಡಲಿಲ್ಲ. ಒಂದು ಹನಿಯೂ ಆಚೆ ಹೋಗದ ಹಾಗೆ ಹಿಡಿದು, ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರು. ಹುಟ್ಟಿದಾಗಿನಿಂದ ಈ ಕೈಗಳನ್ನು ತೊಳೆದ ನೀರೆಲ್ಲ ಮೋರಿಗೇ ಹೋಗಿದೆ. ಯಾರಾದರೂ ಅದನ್ನು ಹೀಗೆ ಜೋಪಾನವಾಗಿ ಎತ್ತಿಟ್ಟದ್ದು ನಾನು ಕಂಡಿಲ್ಲ.

"ಚೀಟೀಲಿ ಏನು ಬರೆದ್ರಿ ಮೇಡಂ?"

"ಒಗೆಯುವವರು ಅಂತ."

"ಅದು ನಾನಾ?"

"ನೀವೇ. ನಮ್ಮ ಲೆಕ್ಕದಲ್ಲಿ ಮುಳುಗಿಸೋರು ಇದ್ರು, ಮದ್ದು ಬೆರೆಸೋರು ಇದ್ರು, ಮಾಂಸ ತಿನ್ನೋರು ಇದ್ರು. ನೀವೇ ಇರ್ಲಿಲ್ಲ" ಅಂದರು. ಡಾಕ್ಟರಿಗೆ ತೋರಿಸಲೇಬೇಕು, ಇನ್ನು ಆ ಬಟ್ಟೆ ಬರಿಗೈಲಿ ಮುಟ್ಟಲೇಬಾರದು ಎಂದು ನನಗೆ ಹೇಳಿ, ಅದನ್ನೇ ಇನ್ನೊಂದು ಸಲ ಇವರ ಕಡೆ ತಿರುಗಿ ಹೇಳಿದರು.

ಇವರು ಉಂಡವರೇ ಎದ್ದು ಕೊಟ್ಟಿಗೆಯ ಕಡೆ ಹೊರಟುಹೋದರು. ಸಿಟ್ಟು ಬಂದಿರಬೇಕು. ಬಾರದೆ ಇರುತ್ತದೆಯೇ?

ಮಾರ್ಚ್ ೧೪, ಶನಿವಾರ

ಡಾಕ್ಟರಮ್ಮ ಕೈ ನೋಡಿದರು. ಮದ್ದಿನಿಂದಲೇ ಇರಬಹುದು, ಮುಟ್ಟುವುದು ನಿಂತರೆ ನಿಧಾನಕ್ಕೆ ಸರಿಹೋಗಬಹುದು, ತಿಂಗಳು ಬಿಟ್ಟು ಬನ್ನಿ ಅಂದರು. ಎರಡು ಸಲ 'ಬಹುದು' ಅಂದರು.

ಇವರ ಕೊಳೆ ಬಟ್ಟೆಯ ಮೂಟೆ ಎಲ್ಲೂ ಕಾಣುತ್ತಿಲ್ಲ. ನನ್ನ ಕೈಗೆ ಸಿಗಬಾರದೆಂದು ಬಚ್ಚಿಟ್ಟಿದ್ದಾರೆ. ಅಷ್ಟೂ ನಂಬಿಕೆ ಹೋಯಿತೇ ನನ್ನ ಮೇಲೆ.

ಮಾರ್ಚ್ ೨೪, ಮಂಗಳವಾರ

ಇವರ ಪರೀಕ್ಷೆ ಇನ್ನೊಮ್ಮೆ ಆಯಿತು. ಹೊಸ ಬಿಳಿ ಬಟ್ಟೆ. ಈ ಸಲ ಅತ್ತೆ ಬಚ್ಚಲ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. "ಸೋಪು ಹುಡುಕ್ತಾ ಇದ್ದೀಯೇನೇ ಸೊಸೆ? ನನ್ನ ಮಡಿಲಲ್ಲಿದೆ. ಪ್ರಾಣ ಹೋದ್ರೂ ಕೊಡಲ್ಲ." ಮೇಡಂ ಸೀನುತ್ತಾ ಸೀನುತ್ತಾ ನಕ್ಕರು. ಸಂಜೆ ತಾವೇ ನಿಂತು ಬಟ್ಟೆ ಬಿಚ್ಚಿಸಿ, ಕತ್ತರಿಸಿ, ತುಂಡು ತುಂಡನ್ನೂ ಬೇರೆ ಬೇರೆ ಕಟ್ಟಿ ತೆಗೆದುಕೊಂಡು ಹೋದರು. ಅಂಥ ಬಟ್ಟೆಗೆ ಕತ್ತರಿ ಹಾಕಿಬಿಟ್ಟರಲ್ಲ. ಎಷ್ಟು ಒಳ್ಳೆ ನೂಲು!

ಅವರು ಹೋದ ಮೇಲೆ ಇವರು ಕಾಣಲಿಲ್ಲ. ತೊಟ್ಟಿಯಲ್ಲಿ ಬಿದ್ದರೋ ಏನೋ ಎಂದು ಚಪ್ಪಲಿ ಹಾಕದೆ ಓಡಿದೆ. ಕೊಟ್ಟಿಗೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಮೊಣಕೈವರೆಗಿನ ರಬ್ಬರ್ ಕೈಗವಸು ಹಾಕಿಕೊಂಡು, ತಮ್ಮ ಕೆಲಸದ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತುತ್ತಿದ್ದರು, ಥೇಟ್ ಕುರಿ ಮುಳುಗಿಸಿದ ಹಾಗೆ. ಪಕ್ಕದ ಹಗ್ಗದ ಮೇಲೆ ವಾರದ ಬಟ್ಟೆ ನೇತಾಡುತ್ತಿತ್ತು. ಒಂದರ ಕೊಳೆಯೂ ಹೋಗಿರಲಿಲ್ಲ.

"ಏನ್ರೀ ಇದು?"

"ಒಗೀತಿದ್ದೀನಿ."

"ಅದು ಒಗೆಯೋದಾ? ಕಾಲರ್ ಉಜ್ಜಬೇಕು. ಕೊಡಿ ಇಲ್ಲಿ."

"ಮುಟ್ಬೇಡ!" ಅಂದರು. ಇಷ್ಟು ವರ್ಷದಲ್ಲಿ ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಆಮೇಲೆ ತಗ್ಗಿದ ದನಿಯಲ್ಲಿ, "ದೂರ ನಿಂತು ಹೇಳು. ಮೊದ್ಲು ಎಲ್ಲಿ ಉಜ್ಜಬೇಕು?"

ಹೇಳಿದೆ. ಕಾಲರ್, ಕಂಕುಳು, ತೋಳಿನ ಪಟ್ಟಿ. ಉಜ್ಜಿದರು. ನೀರು ಕಪ್ಪಗಾದದ್ದನ್ನು ಬಹಳ ಹೊತ್ತು ನೋಡಿದರು.

"ಪ್ರತಿ ಸಲ ಇಷ್ಟು ಬರುತ್ತಾ?"

"ಇನ್ನೂ ಜಾಸ್ತಿ ಬರುತ್ತೆ. ನೀವು ಸರಿಯಾಗಿ ಉಜ್ತಿಲ್ಲ."

"ಹೇಳೇ ಇಲ್ವಲ್ಲ ನೀನು."

"ಕೊಳೆ ವಿಷಯ ಏನ್ರೀ ಹೇಳೋದು?"

ಅದಕ್ಕೆ 'ಹೂಂ' ಅಂದರು. ಅವರ 'ಹೂಂ'ಗಳೆಲ್ಲ ನನಗೆ ಗೊತ್ತು. ಇದು ಯಾವ 'ಹೂಂ' ಎಂದು ತಿಳಿಯಲಿಲ್ಲ.

ಏಪ್ರಿಲ್ ೯, ಗುರುವಾರ

ಮೇಡಂ ಫೋನ್ ಮಾಡಿದ್ದರು. ನನ್ನ ಕೈ ತೊಳೆದ ನೀರಿನಲ್ಲಿ ಮದ್ದು ಸಿಕ್ಕಿತಂತೆ. ಒಗೆದ ಮರುದಿನವೂ ಅಷ್ಟಿದ್ದರೆ ಒಗೆದ ದಿನ ಎಷ್ಟಿರಬೇಡ ಅಂದರು. ಈಗ ಬೇರೆ ತೊಟ್ಟಿಗಳ ಮನೆಗಳಿಗೂ ಹೋಗಿ ಒಗೆಯುವವರನ್ನು ಕೇಳುತ್ತಿದ್ದಾರಂತೆ. ಒಬ್ಬಾಕೆ ಬೆರಳು ಮರಗಟ್ಟುವುದನ್ನು ವಾತ ಅಂದುಕೊಂಡಿದ್ದಳಂತೆ. ಇನ್ನೊಬ್ಬಾಕೆ ಥೇಟ್ ನನ್ನ ಹಾಗೆ, ತಣ್ಣೀರು ಅಂದುಕೊಂಡಿದ್ದಳಂತೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಹಾಗಾದರೆ ಕೇಡು ಹೆಚ್ಚು ಎಂದೇ ಆಯಿತಲ್ಲ. ಇವರ ಮೈ ನೋಡಲು ಬಂದವರಿಗೆ ನಾನು ನನ್ನ ಕೈ ಯಾಕೆ ತೋರಿಸಿದೆ? ಸುಡುವ ಲೋಟವನ್ನು ಸೆರಗಲ್ಲಿ ಹಿಡಿದು ತಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಊಟಕ್ಕೆ ಬಡಿಸುವಾಗ ಕೇಳಿಯೇಬಿಟ್ಟೆ. "ರೀ, ನನ್ನ ಕೈಯಿಂದ ನಿಮ್ಮ ತೊಟ್ಟಿ ಮುಚ್ಚಿದ್ರೆ?"

ಇವರು ತುತ್ತು ನುಂಗಿ, ನೀರು ಕುಡಿದು, "ಮುಚ್ಲಿ ಬಿಡು" ಅಂದರು.

ಅಷ್ಟೇ. ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು. ಅತ್ತೆ ನನ್ನನ್ನೇ ನೋಡುತ್ತಿದ್ದರು. "ಬಾಯ್ ಮುಚ್ಕೊಳ್ಳೇ, ನೊಣ ಹೋಗುತ್ತೆ" ಅಂದರು.

ಮೇ ೧೭, ಭಾನುವಾರ

ಈ ಪುಸ್ತಕ ಎಲ್ಲಿಟ್ಟೆ ಎಂದು ಹುಡುಕಬೇಕಾಯಿತು. ಬಟ್ಟೆ ತುಂಡುಗಳ ಅಡಿಯಲ್ಲಿತ್ತು.

ಇವತ್ತು ಬೆಳಿಗ್ಗೆಯಿಂದ ನನಗೆ ಸಿಟ್ಟು. ಮಗುವಿನ ಅಂಗಿಯ ಗುಂಡಿ ಮನೆ ಹೊಲಿಯುವಾಗ ಸೂಜಿ ಚುಚ್ಚಿತು ನೋಡು, ಪ್ರಾಣವೇ ಹೋದ ಹಾಗಾಯಿತು. ಅಯ್ಯಯ್ಯೋ ಎಂದು ಕಿರುಚಿದೆ. ಅತ್ತೆ ಓಡಿ ಬಂದು ಬೆರಳು ನೋಡಿ, ಬೈಯುವುದು ಬಿಟ್ಟು ನಕ್ಕರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. ನನಗೆ ನೋವಾದರೆ ಅತ್ತೆಗೆ ನಗು. ಟೀ ಲೋಟವೂ ಸುಟ್ಟು, ಸೆರಗಲ್ಲಿ ಹಿಡಿದು ತಂದೆ. ಅತ್ತೆ ತರಿಸಿದ ಪ್ಲಾಸ್ಟಿಕ್ ಲೋಟಗಳು ತೀರಾ ತೆಳ್ಳಗಿರಬೇಕು.

ಇವರು ಈಗ ಕೋಲಿನಲ್ಲೇ ಮುಳುಗಿಸುತ್ತಾರೆ. ಕೈ ಇಲ್ಲದ ಬದಲಿಗೆ ಬಾಯಿ. "ಬಾರೋ ರಾಜ, ಆಯ್ತು ಆಯ್ತು, ಇನ್ನೊಂದೇ ಸಲ, ಮುಗೀತು ನೋಡು" ಎಂದು ಪ್ರತಿ ಕುರಿಗೂ ಹೇಳುತ್ತಾರೆ. ಆ ಚಾಳಿ ಮನೆಗೂ ಬಂದಿದೆ. ರಾತ್ರಿ ದೀಪ ಆರಿಸಿದ ಮೇಲೂ ಯಾವ ಕುರಿ ಏನು ಮಾಡಿತು ಎಂದು ಹೇಳುತ್ತಲೇ ಇರುತ್ತಾರೆ. ಗ್ಯಾಸ್ ನೋಡಲು ಏಳಬೇಕು ಅಂದುಕೊಳ್ಳುವಷ್ಟರಲ್ಲಿ ನಿದ್ದೆ ಬಂದಿರುತ್ತದೆ.

ಜೂನ್ ೩, ಬುಧವಾರ

ಮೇಡಂ ಕಳಿಸಿದ ಕಾಗದಗಳ ಕಟ್ಟು ಬಂತು. ಮದ್ದು ನಿಲ್ಲುವುದಿಲ್ಲ, ಆದರೆ ಡಬ್ಬಿಯ ಮೇಲಿನ ಬರಹ ಬದಲಾಗುತ್ತದೆ. ಇದಿನ್ನೂ ಕರಡು. ಯಾರಿಗಾದರೂ ಏನಾದರೂ ಹೇಳುವುದಿದ್ದರೆ ತಿಂಗಳ ಕೊನೆಯವರೆಗೆ ಹೇಳಬಹುದಂತೆ.

ಮಗಳು, ಅಳಿಯ, ಮಗು ನಿನ್ನೆಯೇ ಬಂದಿದ್ದಾರೆ. ಮಗಳು ಗಟ್ಟಿಯಾಗಿ ಓದಿದಳು. ಬರಿಗೈಯನ್ನು ತೊಟ್ಟಿಗೆ ಹಾಕಬಾರದು. ತೊಟ್ಟಿಯ ಕೈಗವಸನ್ನು ಅಲ್ಲಿಯೇ ಬಿಡಬೇಕು. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಸೇರಿಸಬಾರದು. ಆಮೇಲೆ, 'ಬಟ್ಟೆ ಒಗೆಯುವವರೂ ಬೇರೆ ಕೈಗವಸು ಧರಿಸಬೇಕು.' ಆ ಸಾಲನ್ನು ಮತ್ತೆ ಓದಿಸಿದೆ. ಪುಸ್ತಕದಲ್ಲಿ, ಪೇಪರಿನಲ್ಲಿ ನಾನು ಎಂದೂ ಇದ್ದವಳಲ್ಲ. ಅಲ್ಲಿ ನಾನಿದ್ದೆ. ಮಗು ನನ್ನ ಬೆರಳು ಹಿಡಿದುಕೊಂಡಿತ್ತು. ಎಷ್ಟು ಬಿಗಿ ಅದರ ಹಿಡಿತ! ಅಂಗೈ ಬೆಚ್ಚಗೆ, ಸ್ವಲ್ಪ ಒದ್ದೆ, ಉಗುರು ಚೂಪು. ಉಗುರು ಕತ್ತರಿಸಲು ಮಗಳಿಗೆ ಹೇಳಬೇಕು, ಮುಖಕ್ಕೆ ಗೀರಿಕೊಂಡೀತು.

ಕಟ್ಟಿನ ಜೊತೆ ಮೇಡಂ ಒಗೆಯುವ ಕೈಗವಸೂ ಕಳಿಸಿದ್ದರು, ಡಬ್ಬಿಯ ಜೊತೆ ಕೊಡಲು ಆರಿಸಿದ ಮಾದರಿಯಂತೆ. ಇವರು ಆಸೆಯಿಂದ ಹಾಕಿಕೊಳ್ಳಲು ಹೋದರು. ಹೆಬ್ಬೆರಳ ಬುಡಕ್ಕೇ ಸಿಕ್ಕಿಕೊಂಡಿತು. ಎಳೆದರು, ಊದಿದರು, ಪೌಡರ್ ಹಾಕಿದರು. ಅಳಿಯ ಆ ಕಡೆಯಿಂದ, ಇವರು ಈ ಕಡೆಯಿಂದ ಎಳೆದು ಬಿಚ್ಚಬೇಕಾಯಿತು. ಅತ್ತೆ ನಕ್ಕು ನಕ್ಕು ಕೆಮ್ಮಿದರು.

ಮೇಡಂಗೆ ನಾನೇ ಫೋನ್ ಮಾಡಿದೆ. ಮೊದಲೇ ಬಾಯಿಪಾಠ ಮಾಡಿಕೊಳ್ಳದೆ ಅಧಿಕಾರಿಗೆ ಫೋನ್ ಮಾಡಿಬಿಟ್ಟೆನಲ್ಲ ಎಂದು ಈಗ ಹೊಳೆಯುತ್ತಿದೆ. ಎಲ್ಲ ಸರಿಯಾಗಿದೆ ಮೇಡಂ, ಚೆನ್ನಾಗಿ ಬರೆದಿದ್ದೀರಿ ಅಂದೆ. "ನಿಮ್ಮ ಕಡೆಯಿಂದ ಏನಾದ್ರೂ ಸೇರಿಸೋದಿದೆಯಾ ಅಮ್ಮ?" ಎಂದು ಕೇಳಿದರು.

"ಒಂದೇ ಒಂದು ಮೇಡಂ. ಒಗೆಯೋ ಕೈಗವಸಿನ ಅಳತೆ ಇನ್ನೊಂದು ಸಲ ನೋಡಿಬಿಡಿ. ನೀವು ನನ್ನ ಕೈ ನೋಡಿ ಆರಿಸಿದ್ದೀರಿ. ನಮ್ಮನೇಲಿ ಒಗೆಯೋ ಕೈ ದೊಡ್ಡದು."